ಮರಳನ್ನು ಹೊಲಿಯುವ ಜೀವಿಗಳು

ಮಳೆಗಾಲ ಮುಗಿಯುವ ಹೊತ್ತಿಗೆ ನಿಮ್ಮ ಶಾಲೆಯ ಕಾಂಪೌಂಡ್ ಗೋಡೆಯ ಬುಡವನ್ನು ಗಮನಿಸಿದ್ದೀರಾ? ನೆರಳಿರುವ ಕಡೆ ನೆಲದ ಮೇಲೆ ಕಡುಹಸಿರು ಪದರ ಹರಡಿರುತ್ತದೆ. ಬಿಸಿಲು ಬಿದ್ದಾಗ ಅದು ಒಣಗಿ, ಕಪ್ಪಾಗಿ, ಹಪ್ಪಳದಂತೆ ಏಳುತ್ತದೆ. ಇಂಥ ಜೀವಿಗಳ ನೆಂಟರು ಮರುಭೂಮಿಯಲ್ಲೂ ಇದ್ದಾರೆ.

ಅಮೆರಿಕದ ಯೂಟಾ ರಾಜ್ಯದಲ್ಲಿ ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಎಂಬ ಎರಡು ರಾಷ್ಟ್ರೀಯ ಉದ್ಯಾನಗಳಿವೆ. ಮಳೆ ಬಹಳ ಕಡಿಮೆ. ಅಲ್ಲಿ ಪೊದೆಗಳ ನಡುವಿನ ಬರಿನೆಲ ಕಪ್ಪಗೆ, ಉಬ್ಬುತಗ್ಗಾಗಿ, ಸೀದ ರೊಟ್ಟಿಯಂತೆ ಕಾಣುತ್ತದೆ. ಬರಿನೆಲ ಎಂದದ್ದು ತಪ್ಪಾಯಿತು, ಅದು ಜೀವ ತುಂಬಿದ ನೆಲ! ಅದರ ಮೇಲೆ ಕಾಲಿಡದೆ ಬಂಡೆ, ಕಾಲುದಾರಿ ಅಥವಾ ಹಳ್ಳದ ಮರಳಿನ ಮೇಲೆಯೇ ನಡೆಯಿರಿ ಎಂದು ಪ್ರವಾಸಿಗರಿಗೆ ಹೇಳುತ್ತಾರೆ.

ಈ ಪದರದಲ್ಲಿ ಕಲ್ಲುಹೂವು, ಹಾವಸೆ, ಶಿಲೀಂಧ್ರಗಳಿವೆ. ಆದರೆ ಮುಖ್ಯ ಕೆಲಸಗಾರ ಸಯನೋಬ್ಯಾಕ್ಟೀರಿಯಾ. ನೀಲಿ-ಹಸಿರು ಶೈವಲ ಎಂದು ಓದಿರುತ್ತೀರಲ್ಲ, ಅದೇ. ಮಳೆ ಬಿದ್ದ ಕೂಡಲೇ ದಾರದಂಥ ಇದರ ಎಳೆಗಳು ಮರಳಿನ ಕಣಗಳ ನಡುವೆ ಮೆಲ್ಲನೆ ಸರಿದಾಡುತ್ತವೆ. ಹೋದಲ್ಲೆಲ್ಲ ಲೋಳೆಯ ಕೊಳವೆಯೊಂದನ್ನು ಬಿಟ್ಟು ಹೋಗುತ್ತವೆ. ನೆಲ ಒಣಗಿದಾಗ ಎಳೆಗಳು ಸುಮ್ಮನಾಗುತ್ತವೆ, ಅಂಟು ಕೊಳವೆಗಳು ಮಾತ್ರ ಹಾಗೆಯೇ ಉಳಿದು ಕಣಕ್ಕೆ ಕಣವನ್ನು ಹೊಲಿದುಬಿಡುತ್ತವೆ. ಆಗ ಜೋರು ಗಾಳಿಗೂ ಮಣ್ಣು ಏಳುವುದಿಲ್ಲ. ಪದರದ ಕೆಲವು ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಗೊಬ್ಬರವನ್ನೂ ಕೊಡುತ್ತವೆ.

ಒಣಗಿದ ಪದರ ಬಹಳ ಪೆಡಸು. ಒಂದು ಹೆಜ್ಜೆಗೆ ಪುಡಿಯಾಗುತ್ತದೆ. ಶೈವಲ ಕೆಲವು ವರ್ಷಗಳಲ್ಲಿ ಮರಳಿ ಬರಬಹುದು. ಕಲ್ಲುಹೂವು, ಹಾವಸೆಗಳಿಗೆ ಹಲವು ದಶಕಗಳೇ ಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಗೆ ದೊಡ್ಡ ದನಕುರಿ ಮಂದೆಗಳು ಬಂದವು. ಗೊರಸಿನ ತುಳಿತಕ್ಕೆ ಪದರ ಒಡೆಯಿತು, ದೂಳು ಎದ್ದಿತು. ಆ ದೂಳು ಹೋಗಿ ಬಿದ್ದದ್ದು ಪೂರ್ವಕ್ಕಿರುವ ರಾಕಿ ಪರ್ವತಗಳ ಹಿಮದ ಮೇಲೆ. ಬಿಸಿಲಿನಲ್ಲಿ ಬಿಳಿ ಅಂಗಿಗಿಂತ ಕಪ್ಪು ಅಂಗಿ ಬೇಗ ಬಿಸಿಯಾಗುತ್ತದೆ ಅಲ್ಲವೇ? ದೂಳು ಮುಸುಕಿದ ಹಿಮವೂ ಹಾಗೆಯೇ ಬೇಗ ಕರಗುತ್ತದೆ. ಹಿಮ ಸರಿದ ನೆಲದಲ್ಲಿ ಗಿಡಗಳು ಬೇಗ ಚಿಗುರಿ ಹೆಚ್ಚು ನೀರನ್ನು ಆವಿಯಾಗಿ ಬಿಡುತ್ತವೆ. ಇದರಿಂದ ಕೊಲರಾಡೋ ನದಿಗೆ ಪ್ರವಾಹ ಸುಮಾರು 3 ವಾರ ಮೊದಲೇ ಬರುತ್ತದೆ, ವರ್ಷದ ಒಟ್ಟು ನೀರು ಶೇ. 5ರಷ್ಟು ಕಡಿಮೆಯಾಗುತ್ತದೆ ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಆ ನದಿಯನ್ನು ನಂಬಿಕೊಂಡವರು ಸುಮಾರು 4 ಕೋಟಿ ಜನ.

ಮಾಡಿ ನೋಡಿ: ಗೋಡೆಯ ಬುಡದ ಒಣ ಪದರದ ಒಂದು ಚೂರನ್ನು ಕಾಗದದ ಮೇಲಿಡಿ. ಪಕ್ಕದಲ್ಲಿ ಅಷ್ಟೇ ಒಣಮಣ್ಣಿನ ಪುಡಿ ಇಡಿ. ಕಣ್ಣಿಗೆ ದೂಳು ಬೀಳದಂತೆ ದೂರದಿಂದ ಪುಸ್ತಕದಿಂದ ಬೀಸಿ. ಯಾವುದು ಹಾರಿತು? ಈಗ ಆ ಚೂರಿನ ಮೇಲೆ ನಾಲ್ಕು ಹನಿ ನೀರು ಹಾಕಿ, ಸ್ವಲ್ಪ ಹೊತ್ತಿನ ಮೇಲೆ ಅದರ ಬಣ್ಣ ನೋಡಿ.