ಕುಕ್ಕರಹಳ್ಳಿ ಕೆರೆಯ ಸುತ್ತ ಒಂದು ಪಾಠ

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಬಾಲ್ಯದಿಂದಲೂ ಕೇಳಿರುತ್ತಾರೆ. ಆದರೆ ಕೆರೆಯೊಂದನ್ನು ಪೂರ್ತಿ ಸುತ್ತಿ ಬಂದವರು ವಿರಳ. ಇಂತಹ ಅಧ್ಯಯನಕ್ಕೆ ಮೈಸೂರಿನ ಕುಕ್ಕರಹಳ್ಳಿ ಕೆರೆಯು ಬಹು ಯೋಗ್ಯವಾದುದು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ವ್ಯವಸಾಯಕ್ಕೆಂದು ಇದನ್ನು ಕಟ್ಟಿಸಿದರು. ಕುವೆಂಪು ಅವರಿಗೆ ಪ್ರಿಯವಾಗಿದ್ದ ಇಲ್ಲಿನ ಕಾಲುದಾರಿಯಲ್ಲಿ ಚಿಕ್ಕ ಮಕ್ಕಳೂ ಆಯಾಸವಿಲ್ಲದೆ ನಡೆಯಬಲ್ಲರು.

ಅಧ್ಯಾಪಕರು ಮಕ್ಕಳನ್ನು ಮೊದಲು ಏರಿಯ ಮೇಲೆ ನಿಲ್ಲಿಸಬೇಕು. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ತಗ್ಗು: ಇದು ಮನುಷ್ಯರು ಕಟ್ಟಿದ ಕೆರೆಯೆಂಬುದು ಹೇಳದೆಯೇ ತಿಳಿಯುತ್ತದೆ. ಬಳಿಕ ಮೌನವಾಗಿ ನಡೆಯಬೇಕು. (ಮೂವತ್ತು ಬಾಲಕರಿಗೆ ಇದೇ ಕಠಿಣವಾದ ಭಾಗ!) ಹೆಜ್ಜಾರ್ಲೆಯು ಕೊಕ್ಕಿನ ಚೀಲವನ್ನೇ ಬಲೆಯಾಗಿಸಿ ಮೀನು ಹಿಡಿಯುವುದು, ನೀರುಕಾಗೆಯು ಕೊಂಬೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದು ಸದ್ದು ಮಾಡದವರಿಗೆ ಕಾಣಸಿಗುತ್ತವೆ. ಬಾತುಕೋಳಿಯ ಗರಿ ನೆನೆಯದು, ನೀರುಕಾಗೆಯದು ನೆನೆಯುತ್ತದೆ. ಅದರಿಂದ ತೇಲುವಿಕೆ ಕುಗ್ಗಿ ಮುಳುಗುವುದು ಸುಲಭವಾಗುತ್ತದೆ. ಈ ಕಾರಣವನ್ನು ಮಕ್ಕಳ ಬಾಯಿಂದಲೇ ಹೊರಡಿಸಬೇಕು.

ನೀರಿನ ಬಣ್ಣವನ್ನು ಪರಿಶೀಲಿಸದೆ ಮಾತ್ರ ಹಿಂದಿರುಗಬಾರದು. ಮಳೆನೀರು ತರುತ್ತಿದ್ದ ಪೂರ್ಣಯ್ಯ ನಾಲೆಯ ಹಾದಿಯಲ್ಲಿ ಕಟ್ಟಡಗಳೆದ್ದವು. ಕೊಳಚೆಯು ಕೆರೆಗೆ ಹರಿಯಿತು. ಕೊಳಚೆಯ ಸಾರವನ್ನುಂಡು ಪಾಚಿ ಬೆಳೆಯುತ್ತದೆ; ಅದು ಸತ್ತು ಕೊಳೆಯುವಾಗ ನೀರಿನಲ್ಲಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ; ಮೀನಿಲ್ಲದ ಕೆರೆಗೆ ಹೆಜ್ಜಾರ್ಲೆಯೇಕೆ ಬಂದೀತು? ಈ ಸರಪಳಿಯನ್ನು ಕಪ್ಪು ಹಲಗೆಗಿಂತ ನೀರಿನ ಅಂಚಿನಲ್ಲೇ ವಿವರಿಸುವುದು ಲೇಸು.

ಶಾಲೆಗೆ ಮರಳಿದ ಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಕೆರೆಯ ನಕ್ಷೆಯನ್ನು ಬರೆದು, ಅದಕ್ಕೆ ನೀರು ಬರುವ ದಾರಿಯನ್ನು ಗುರುತಿಸಲಿ. ಗುರುತಿಸಲಾರದವರು ರಜೆಯಲ್ಲಿ ಹೋಗಿ ಹುಡುಕಲಿ.