ಸಿಳ್ಳಾರ ಮತ್ತು ಕೆಂಜಳಿಲು: ಖಾನಾಪುರದ ಕಾಡು ಕಲಿಸುವ ಪಾಠ

ಬೆಳಗಾವಿಯಿಂದ ದಕ್ಷಿಣಕ್ಕೆ ಸಾಗಿ ಖಾನಾಪುರವನ್ನು ದಾಟಿದರೆ ಸಹ್ಯಾದ್ರಿಯ ದಟ್ಟ ಕಾಡು ಎದುರಾಗುತ್ತದೆ. ಈ ತಾಲೂಕಿನ ಭೀಮಗಡವು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅದರ ವಿಸ್ತಾರ ಸುಮಾರು 190 ಚದರ ಕಿಲೋಮೀಟರು. ಇಲ್ಲಿನ ಹಳ್ಳಗಳ ದಡದಲ್ಲಿ ಹಾಡುವ ಸಿಳ್ಳಾರವನ್ನೂ ಮರದ ತುದಿಯಲ್ಲಿ ಬಾಳುವ ಕೆಂಜಳಿಲನ್ನೂ ಹೋಲಿಸಿ ನೋಡುವುದು ವಿದ್ಯಾರ್ಥಿಗಳಿಗೆ ಬೋಧಪ್ರದವಾದುದು.

ಮೊದಲು ವರ್ಗೀಕರಣವನ್ನು ನೋಡೋಣ. ಎರಡೂ ಬೆನ್ನೆಲುಬುಳ್ಳ, ಬಿಸಿರಕ್ತದ ಪ್ರಾಣಿಗಳು. ಸಿಳ್ಳಾರವು ಪಕ್ಷಿವರ್ಗದ ಪ್ಯಾಸರಿಫಾರ್ಮಿಸ್ ಗಣಕ್ಕೆ ಸೇರಿದ್ದು; ಶಾಸ್ತ್ರೀಯ ನಾಮ ಮಯೊಫೋನಸ್ ಹಾರ್ಸ್‌ಫೀಲ್ಡೀ. ಮನುಷ್ಯನ ಸಿಳ್ಳೆಯನ್ನು ಹೋಲುವ ಇದರ ಹಾಡನ್ನು ಕೇಳಿ ಆಂಗ್ಲರು ಇದನ್ನು ‘ಸಿಳ್ಳೆ ಹಾಕುವ ಶಾಲಾಬಾಲಕ’ನೆಂದು ಕರೆದರು. ಹಿಂದೆ ಥ್ರಷ್ ಹಕ್ಕಿಗಳ ಕುಟುಂಬದಲ್ಲಿ ಎಣಿಸಲಾಗುತ್ತಿದ್ದ ಇದನ್ನು ಈಗ ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಲಾಗಿದೆ. ಕೆಂಜಳಿಲು, ಅಂದರೆ ರಟುಫಾ ಇಂಡಿಕಾ, ಸಸ್ತನಿವರ್ಗದ ದಂಶಕ ಗಣಕ್ಕೆ, ಅಳಿಲು ಕುಟುಂಬಕ್ಕೆ ಸೇರಿದ್ದು. ಬಾಳಿನುದ್ದಕ್ಕೂ ಬೆಳೆಯುವ ಬಾಚಿಹಲ್ಲು ಈ ಗಣದ ಲಕ್ಷಣ. ಇಲಿಯೂ ಮುಳ್ಳುಹಂದಿಯೂ ಇದರ ಬಂಧುಗಳೇ.

ಇನ್ನು ಸಂರಕ್ಷಣೆಯ ಮಾತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಎರಡೂ ‘ಅತಿ ಕಡಿಮೆ ಕಳವಳ’ದ ಶ್ರೇಣಿಯಲ್ಲಿವೆ. ಹಾಗೆಂದು ಎರಡರ ಸ್ಥಿತಿಯೂ ಒಂದೇ ಎಂದು ತಿಳಿಯಲಾಗದು. ಕೆಂಜಳಿಲಿನ ಸಂಖ್ಯೆ ಇಳಿಮುಖವಾಗಿದೆಯೆಂದು ಅದೇ ಪಟ್ಟಿ ಹೇಳುತ್ತದೆ. ಈ ಪ್ರಾಣಿ ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ಸುಮಾರು ಇಪ್ಪತ್ತು ಅಡಿ ಜಿಗಿಯಬಲ್ಲುದು. ಆದರೆ ನಡುವೆ ಅಗಲವಾದ ದಾರಿಯೊಂದು ತೆರೆದುಕೊಂಡರೆ ಕಾಡು ಅದರ ಪಾಲಿಗೆ ಎರಡಾಗುತ್ತದೆ. ಸಿಳ್ಳಾರವಾದರೋ ಅಂಥ ತೆರಪನ್ನು ಹಾರಿ ದಾಟೀತು. ಅದಕ್ಕೆ ಬೇಕಾದುದು ನೆರಳುಳ್ಳ ಹಳ್ಳ, ಗೂಡಿಗೊಂದು ಬಂಡೆಯ ಸಂದು, ಆಹಾರಕ್ಕೆ ಹುಳು, ಏಡಿ, ಕಾಡುಹಣ್ಣು. ಹಳ್ಳ ಬತ್ತಿದರೆ ರೆಕ್ಕೆಯಿದ್ದೂ ಅದಕ್ಕೆ ನೆಲೆಯಿಲ್ಲ.

ಇಲ್ಲಿ ಗ್ರಹಿಸಬೇಕಾದ ತತ್ತ್ವವೊಂದಿದೆ. ವರ್ಗೀಕರಣವು ಜೀವಿಯ ಬಂಧುತ್ವವನ್ನು ತಿಳಿಸುತ್ತದೆ. ಅದರ ಆಪತ್ತನ್ನು ತಿಳಿಸುವುದು ಅದರ ಜೀವನಕ್ರಮ. ಕೆಂಪು ಪಟ್ಟಿಯ ಶ್ರೇಣಿಯು ಆ ಪ್ರಭೇದದ ಇಡೀ ನೆಲೆಯನ್ನು ಕುರಿತದ್ದೇ ಹೊರತು ಖಾನಾಪುರದ ಕಾಡೊಂದನ್ನೇ ಕುರಿತದ್ದಲ್ಲ. ಇತರೆಡೆ ಉಳಿದಿರುವ ಜೀವಿ ನಮ್ಮಲ್ಲಿ ಅಳಿದುಹೋದರೂ ಪಟ್ಟಿ ಬದಲಾಗದೆ ಇರಬಹುದು.

ಮಲಪ್ರಭೆ ಹುಟ್ಟುವುದೂ ಇದೇ ತಾಲೂಕಿನ ಕಣಕುಂಬಿಯಲ್ಲಿ. ಅಳಿಲಿಗೆ ದಾರಿಯಾಗುವ ಮರಗಳೇ ಮಳೆನೀರನ್ನು ನೆಲಕ್ಕಿಳಿಸಿ, ಸಿಳ್ಳಾರದ ಹಳ್ಳಗಳನ್ನು ಕಾಯುತ್ತವೆ. ಬಯಲುಸೀಮೆಯ ಹೊಲಗಳಿಗೆ ಹರಿಯುವ ಹೊಳೆಯೂ ಅವುಗಳಿಗೆ ಋಣಿ. ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಈ ಕಾಡಿನ ಅಂಚಿಗೆ ಕರೆದೊಯ್ದರೆ, ಹಲಗೆಯ ಮೇಲೆ ಬರೆದ ಗಣ-ಕುಟುಂಬಗಳ ಹೆಸರುಗಳಿಗೆ ಜೀವ ಬಂದೀತು.