ಅಚ್ಚಿನ ಬಣ್ಣವೂ ಹುಣಿಸೆಯ ಬೀಜವೂ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಸಣ್ಣದೊಂದು ಕೈಗಾರಿಕೆಯನ್ನು ನಡೆಸುತ್ತಿದ್ದಾರೆ. ಮರದ ಅಚ್ಚುಗಳಿಂದ ಹತ್ತಿಯ ಬಟ್ಟೆಯ ಮೇಲೆ ಚಿತ್ರಗಳನ್ನೊತ್ತುವುದು ಅವರ ಕಸುಬು. ಬಹುಕಾಲ ಅವರು ಕೈಚೀಲಗಳನ್ನು ಮಾತ್ರ ಮಾಡುತ್ತಿದ್ದರು. ಕಳೆದ ವರ್ಷ ದೀಪಾವಳಿಯ ವೇಳೆಗೆ ಮೇಜುಹಾಸು ಮತ್ತು ದಿಂಬಿನ ಗವಸುಗಳನ್ನು ಹೊಸದಾಗಿ ಮಾರಾಟಕ್ಕೆ ತರಬೇಕೆಂದು ನಿಶ್ಚಯಿಸಿ, ಸಾಲಮಾಡಿ 100 ಮೀಟರು ಬಟ್ಟೆಯನ್ನು ಕೊಂಡರು. ಹಬ್ಬಕ್ಕೆ ಐದು ವಾರವಿದೆ ಎನ್ನುವಾಗ ಎರಡು ಮೇಜುಹಾಸುಗಳನ್ನು ತಂದು ನನ್ನ ಮುಂದೆ ಹರಡಿದರು. ಒಂದರಲ್ಲಿ ಹೂವಿನ ಅಂಚುಗಳು ಕತ್ತರಿಸಿಟ್ಟಂತೆ ಸ್ಪಷ್ಟವಾಗಿದ್ದವು. ಒಮ್ಮೆ ಒಗೆದಿದ್ದ ಇನ್ನೊಂದರಲ್ಲಿ ಹೂವು ಮಾಸಿ, ಬಿಳಿಯ ನೆಲವೆಲ್ಲ ನಸುಗೆಂಪಾಗಿತ್ತು.

"ತಪ್ಪು ಎಲ್ಲಿ ಆಗಿದೆ, ಸರ್?" ಎಂದು ಕೇಳಿದರು.

ಭೌತಶಾಸ್ತ್ರದ ಅಧ್ಯಾಪಕನಿಗೆ ಎಲ್ಲೆಲ್ಲಿಯೂ ಭೌತಶಾಸ್ತ್ರವೇ ಕಾಣುತ್ತದೆ. ನಾನು ಮೊದಲು ನೋಡಿದ್ದು ಹೂವಿನ ಅಂಚನ್ನು. ನೂಲಿನ ಎಳೆಗಳ ನಡುವಣ ಸಂದುಗಳು ಕೂದಲಿಗಿಂತ ಸೂಕ್ಷ್ಮವಾದ ನಳಿಕೆಗಳಂತೆ ವರ್ತಿಸಿ ದ್ರವವನ್ನು ತಮ್ಮೊಳಗೆ ಎಳೆದುಕೊಳ್ಳುತ್ತವೆ. ಇದಕ್ಕೆ ಕೇಶಾಕರ್ಷಣವೆಂದು ಹೆಸರು. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ತ್ರಿಜ್ಯವುಳ್ಳ ಗಾಜಿನ ನಳಿಕೆಯಲ್ಲಿ ನೀರು ತಾನಾಗಿಯೇ ಸುಮಾರು 15 ಸೆಂಟಿಮೀಟರು ಮೇಲೇರುತ್ತದೆ. ಬರಿಯ ನೀರಿನಲ್ಲಿ ಕಲಸಿದ ಬಣ್ಣವನ್ನು ಬಟ್ಟೆಗೆ ಒತ್ತಿದರೆ ಅದು ಹಬ್ಬಿ ಚಿತ್ರವೇ ಕೆಟ್ಟುಹೋಗುವುದು ಈ ಕಾರಣದಿಂದಲೇ. ಆದುದರಿಂದ ಬಣ್ಣಕ್ಕೆ ಸರಿಯನ್ನು ಬೆರೆಸಿ ಅದರ ಸ್ನಿಗ್ಧತೆಯನ್ನು ಹೆಚ್ಚಿಸುತ್ತಾರೆ. ಗೊತ್ತಾದ ಅವಧಿಯಲ್ಲಿ ದ್ರವವು ಹರಡುವ ದೂರವು ಸ್ನಿಗ್ಧತೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಸ್ನಿಗ್ಧತೆ 10,000 ಪಟ್ಟು ಹೆಚ್ಚಿದರೆ ದೂರವು 100ರಲ್ಲಿ ಒಂದು ಪಾಲಾಗುತ್ತದೆ. 5 ಸೆಂಟಿಮೀಟರು ಹಬ್ಬಬೇಕಾಗಿದ್ದ ಬಣ್ಣ ಅರ್ಧ ಮಿಲಿಮೀಟರಿಗೇ ನಿಲ್ಲುತ್ತದೆ. ಅಷ್ಟರಲ್ಲಿ ನೀರು ಆರಿರುತ್ತದೆ. "ನಿಮ್ಮ ಸರಿ ಬಹಳ ಚೆನ್ನಾಗಿದೆ" ಎಂದು ನಾನು ಹೊಗಳಿದೆ. ಆ ಹೊಗಳಿಕೆಯಿಂದ ಆಕೆಗೆ ಯಾವ ಪ್ರಯೋಜನವೂ ಆಗಲಿಲ್ಲ.

ಮರುದಿನ ರಸಾಯನಶಾಸ್ತ್ರದ ನನ್ನ ಸಹೋದ್ಯೋಗಿಗೆ ಬಟ್ಟೆಯನ್ನು ತೋರಿಸಿದೆವು. ಅವರು ಒಂದೇ ಪ್ರಶ್ನೆ ಕೇಳಿದರು: "ಸರಿ ಯಾವುದರದು?" ಹುಣಿಸೆಯ ಬೀಜದ್ದು. ನಮ್ಮ ಕಂಬಳಿ ನೇಯುವವರು ನೂಲಿಗೆ ಹಚ್ಚುವ ಸರಿಯೇ ಅದು. ಅಗ್ಗ, ಒಳ್ಳೆಯ ಮಂದ. ತೊಡಕಿದ್ದದ್ದು ಅದರಲ್ಲಿಯೇ.

ಇದನ್ನು ತಿಳಿಯಲು ಬಣ್ಣದ ವಿಚಾರವನ್ನು ಸ್ವಲ್ಪ ನೋಡಬೇಕು. ಆಕೆ ಹೊಸ ಸಾಮಾನುಗಳಿಗಾಗಿ ಆರಿಸಿಕೊಂಡಿದ್ದುದು 'ರಿಯಾಕ್ಟಿವ್' ಬಣ್ಣ. 1954ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆಯ ರಾಟೀ ಮತ್ತು ಸ್ಟೀಫನ್ ಎಂಬವರು ಹತ್ತಿಗೆ ಇಂಥ ಬಣ್ಣವನ್ನು ಕಂಡುಹಿಡಿದರು. 1956ರಲ್ಲಿ ಅದು 'ಪ್ರೋಸಿಯನ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಇದು ಎಳೆಗೆ ಮೆತ್ತಿಕೊಳ್ಳುವ ಬಣ್ಣವಲ್ಲ. ಹತ್ತಿಯ ಸೆಲ್ಯುಲೋಸಿನಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳೊಡನೆ ಕ್ಷಾರದ ನೆರವಿನಿಂದ ಸಂಯೋಗಹೊಂದಿ ಎಳೆಯ ಅಂಗವೇ ಆಗಿಬಿಡುತ್ತದೆ. ಆದರೆ ಹುಣಿಸೆಯ ಬೀಜದ ಸರಿಯಲ್ಲಿಯೂ ಅವೇ ಗುಂಪುಗಳು ಹೇರಳವಾಗಿವೆ. ಹತ್ತಿಯಾವುದು, ಸರಿಯಾವುದು ಎಂಬ ವಿವೇಕ ಬಣ್ಣಕ್ಕಿಲ್ಲ. ಅದು ಸರಿಯೊಡನೆಯೇ ಕೂಡಿಕೊಂಡಿತು. ಒಗೆದಾಗ ಸರಿಯೊಡನೆಯೇ ಹೊರಟುಹೋಯಿತು.

ಇದಕ್ಕೆ ತಕ್ಕ ಸರಿಯೆಂದರೆ ಕಂದು ಬಣ್ಣದ ಕಡಲಪಾಚಿಯಿಂದ ತೆಗೆಯುವ ಸೋಡಿಯಂ ಆಲ್ಜಿನೇಟ್. ಅದರ ಅಣುವಿನ ಉದ್ದಕ್ಕೂ ಋಣವಿದ್ಯುದಂಶವಿದೆ. ನೀರಿನಲ್ಲಿ ಕರಗಿದ ಬಣ್ಣಕ್ಕೂ ಋಣಾಂಶವೇ. ಸಜಾತೀಯಗಳು ವಿಕರ್ಷಿಸುವುದರಿಂದ ಬಣ್ಣವು ಸರಿಯನ್ನು ಬಿಟ್ಟು ಹತ್ತಿಯನ್ನು ಸೇರುತ್ತದೆ. (ಇಲ್ಲಿ ಭೌತಶಾಸ್ತ್ರಕ್ಕೆ ಕೊಂಚ ಮಾನ ಉಳಿಯಿತು.) ಕ್ಷಾರಕ್ಕಾಗಿ ಅಡುಗೆ ಸೋಡವನ್ನು ಬೆರೆಸುವುದರಲ್ಲಿ ಒಂದು ಜಾಣತನವಿದೆ. ತಣ್ಣಗಿರುವಾಗ ಅದು ಸೌಮ್ಯ; ಆದಕಾರಣ ಕಲಸಿದ ಬಣ್ಣ ಬೇಗ ಕೆಡುವುದಿಲ್ಲ. ಒತ್ತಿ ಆರಿಸಿದ ಬಟ್ಟೆಯನ್ನು ಹಬೆಯಲ್ಲಿಟ್ಟಾಗ ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಒಗೆಯುವ ಸೋಡವಾಗಿ ಪ್ರಬಲವಾಗುತ್ತದೆ. ಹಬೆ ಬೇಕು, ಹನಿ ಬೀಳಕೂಡದು. ಇಡ್ಲಿ ಬೇಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ಬಣ್ಣದ ಒಂದು ಪಾಲು ಹತ್ತಿಯ ಬದಲು ನೀರಿನೊಡನೆಯೇ ವರ್ತಿಸಿ ನಿಷ್ಪ್ರಯೋಜಕವಾಗುತ್ತದೆ. ಅದನ್ನು ಮೊದಲು ತಣ್ಣೀರಿನಲ್ಲಿ, ಅನಂತರ ಸಾಬೂನು ಹಾಕಿದ ಕುದಿಗೆ ಹತ್ತಿರದ ನೀರಿನಲ್ಲಿ ಪೂರ್ತಿಯಾಗಿ ತೊಳೆಯದಿದ್ದರೆ, ಕೊಂಡವರ ಮನೆಯ ಬಿಳಿಯ ಅಂಗಿಗಳು ಅದನ್ನು ಹೀರಿಕೊಳ್ಳುತ್ತವೆ.

ಹೊಸ ಸರಿಯಿಂದ ಆಕೆ ಒಂದೊಂದು ಬಣ್ಣಕ್ಕೂ 10 ಸೆಂಟಿಮೀಟರು ಉದ್ದ, 4 ಸೆಂಟಿಮೀಟರು ಅಗಲದ ತುಂಡನ್ನು ಒತ್ತಿ, ಅಷ್ಟೇ ಅಳತೆಯ ಬಿಳಿಯ ಹತ್ತಿಯ ಬಟ್ಟೆಗೆ ಹೊಲಿದು, ಸಾಬೂನಿನ ಬಿಸಿನೀರಿನಲ್ಲಿ ಒಗೆದರು. ಬಿಳಿಯ ತುಂಡಿಗೆ ಹತ್ತಿದ ಕಲೆಯನ್ನು ಅಳೆಯಲು ಬೂದುಬಣ್ಣದ ಒಂದು ಮಾಪಕವಿದೆ. 5 ಎಂದರೆ ಕಲೆಯೇ ಇಲ್ಲ, 1 ಎಂದರೆ ಪೂರ್ತಿ ಕೆಟ್ಟಿತು. ನಮ್ಮ ಬಳಿ ಮಾಪಕವಿರಲಿಲ್ಲ. ಒಗೆಯದ ಬಿಳಿಯ ಬಟ್ಟೆಯನ್ನು ಪಕ್ಕದಲ್ಲಿಟ್ಟು ಕಿಟಕಿಯ ಬೆಳಕಿನಲ್ಲಿ ನೋಡಿದೆವು. ಕೆಂಪು ಮತ್ತು ಹಳದಿ ಬಣ್ಣಗಳು ಬಿಡಲಿಲ್ಲ. ಕಡುನೀಲಿ ತುಸು ಬಿಟ್ಟಿತು. ಅದನ್ನು ಇನ್ನೆರಡು ಸಲ ಬಿಸಿನೀರಿನಲ್ಲಿ ತೊಳೆಯಬೇಕಾಯಿತು. ಅಷ್ಟು ಹೊತ್ತಿಗೆ ದೀಪಾವಳಿ ಕಳೆದಿತ್ತು. ಮೇಜುಹಾಸುಗಳು ಸಂಕ್ರಾಂತಿಗೆ ಹೊರಬಂದವು.